ಬ್ರಿಟ್ಟಮ್ಮನ ಮರಿಗೆ, ತಿಪಟೂರಿನ ನಾರು

ಸೊಲ್ಲೆಂಟುನಾ

ಚೀಸ್ ಮಾಡುವುದನ್ನು ನೋಡಬೇಕಾದರೆ ಫ್ರಾನ್ಸಿನ ಹಳ್ಳಿಗಳಿಗೇ ಹೋಗಬೇಕು ಎಂದು ನಾನೂ ನಂಬಿದ್ದೆ. ನೆಲಮಾಳಿಗೆಯಲ್ಲಿ ಬೂಷ್ಟು ಹಿಡಿದು ಮಾಗುವ ಗಾಲಿಗಾತ್ರದ ಚೀಸುಗಳು, ಅವನ್ನು ಬೆರಳಿನಿಂದ ತಟ್ಟಿ ಕಿವಿಗೊಟ್ಟು ಕೇಳುವ ಮುದುಕರು, ಇವರನ್ನೆಲ್ಲ ಪುಸ್ತಕಗಳಲ್ಲಿ ಎಷ್ಟು ಸಲ ಕಂಡಿದ್ದೆನೆಂದರೆ, ಹೋಗುವ ಮೊದಲೇ ಹೋಗಿ ಬಂದ ನೆನಪು ತಯಾರಾಗಿತ್ತು. ಅಂಥ ಊರಿಗೆ ಮತ್ತೆ ಯಾಕೆ ಹೋಗಬೇಕು? ಆದರೂ ಹೋಗುವವನಿದ್ದೆ. ದಾರಿಯಲ್ಲಿ ಸ್ವೀಡನ್ನಿನಲ್ಲಿ ಇಳಿದುಕೊಂಡಾಗ ನನ್ನ ಅಕ್ಕನ ಮಗಳು ರೇಖಾ ತಡೆದಳು.

“ಫ್ರಾನ್ಸ್ ಯಾಕೆ ಮಾಮ? ನಮ್ ಟೀಮಲ್ಲಿ ಒಬ್ಬರಿದಾರೆ, ಅವರ ಅತ್ತೆ ಕಾಡಲ್ಲಿ ಹಸು ಇಟ್ಕೊಂಡು ಚೀಸ್ ಮಾಡ್ತಾರಂತೆ. ಕರೆಂಟೂ ಇಲ್ವಂತೆ. ಜುಲೈಲಿ ಹೇಗಿದ್ರೂ ಇಡೀ ದೇಶಾನೇ ರಜ. ನಾನೇ ಡ್ರೈವ್ ಮಾಡ್ಕೊಂಡು ಕರ್ಕೊಂಡ್ ಹೋಗ್ತೀನಿ.”

“ಕರೆಂಟಿಲ್ಲ ಅಂದ್ರೆ ನಾನೂ ಬರ್ತೀನಿ,” ಎಂದಳು ಅಕ್ಕ, ಅಡುಗೆಮನೆಯಿಂದ. “ಇಲ್ಲಿ ಒಲೆ ಮುಟ್ಟಿದ್ರೆ ಕೂಗತ್ತೆ, ಫ್ರಿಜ್ಜು ಮುಚ್ಚದಿದ್ರೆ ಕೂಗತ್ತೆ. ಸಾಕಾಗ್ಹೋಗಿದೆ ನಂಗೆ.”

ಅಕ್ಕ ಸುಮಿತ್ರ ತಿಪಟೂರಿನವಳು. ಮಗಳ ಮನೆಗೆಂದು ಮೂರು ತಿಂಗಳ ಮಟ್ಟಿಗೆ ಬಂದಿದ್ದಳು. 2005 ಎಂದು ನಾನು ಎಲ್ಲರಿಗೂ ಹೇಳುತ್ತೇನೆ; ಪಾಸ್‌ಪೋರ್ಟಿನ ಮುದ್ರೆ 2006 ಅನ್ನುತ್ತದೆ. ಅವಳು ಊರಿನಿಂದ ತಂದ ಸಾಮಾನಿನಲ್ಲಿ ಈ ಕಥೆಗೆ ಬೇಕಾದವು ಎರಡು. ಒಂದು, ಪಾತ್ರೆ ಉಜ್ಜಲು ತೆಂಗಿನ ನಾರಿನ ನಾಲ್ಕು ಉಂಡೆ. ಇನ್ನೊಂದು, ಚೌಕಳಿಯ ಒಂದು ಕರವಸ್ತ್ರ. ಹೊರಡುವ ಹಿಂದಿನ ದಿನ ಅದನ್ನು ಮನೆಯ ಮೊಸರಿನಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿ, ಹಪ್ಪಳದ ಹಾಗೆ ಗರಿಗರಿಯಾದ ಮೇಲೆ ಮಡಿಸಿ ತಂದಿದ್ದಳು. ಸೊಲ್ಲೆಂಟುನಾದಲ್ಲಿ ರೇಖಾ ಇದ್ದ ಮೂರನೇ ಮಹಡಿಯ ಫ್ಲಾಟಿನಲ್ಲಿ ಆ ಬಟ್ಟೆ ಒಂದು ರಾತ್ರಿ ಬೆಚ್ಚನೆಯ ಹಾಲಿನಲ್ಲಿ ನೆನೆಯಿತು. ಬೆಳಗ್ಗೆ ತಿಪಟೂರಿನ ಮೊಸರು ಸ್ವೀಡನ್ನಿನಲ್ಲಿತ್ತು.

ಸುದ್ದಿ ಹಬ್ಬಿತು. ಪಕ್ಕದ ಕಿಸ್ತಾ ಕಡೆಯ ಕನ್ನಡದ ಮನೆಗಳಿಂದ ಪುಟ್ಟ ಡಬ್ಬಿ ಹಿಡಿದು ಹೆಪ್ಪಿಗೆ ಬರುವವರು ಹೆಚ್ಚಾದರು. ಒಂದು ಸಂಜೆ ಒಂಬತ್ತು ಗಂಟೆಗೆ ಬಂದ ಹುಡುಗಿಗೆ ಅಕ್ಕ, “ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದಮ್ಮಾ, ನಾಳೆ ಬಾ,” ಎಂದಳು.

“ಆಂಟಿ, ಸೂರ್ಯ ಇನ್ನೂ ಮುಳುಗೇ ಇಲ್ವಲ್ಲ!”

ಅಕ್ಕ ಬಾಲ್ಕನಿಗೆ ಹೋಗಿ ರೈಲು ಹಳಿಗಳ ಆಚೆ ಆರಾಮಾಗಿ ಕೂತಿದ್ದ ಸೂರ್ಯನನ್ನು ನೋಡಿದಳು. “ಇವನಿಗೆ ಮನೆ ಮಠ ಇಲ್ವಾ!” ಎನ್ನುತ್ತ ಬಂದು ಒಂದು ಚಮಚ ಹಾಕಿ ಕೊಟ್ಟಳು. ನಾನು ಆ ಸಂಜೆ ಮನೆಯಲ್ಲಿರಲಿಲ್ಲ ಎಂದು ರೇಖಾ ಹೇಳುತ್ತಾಳೆ. ಆದರೆ ಅಕ್ಕನ ಕೆನ್ನೆಯ ಮೇಲೆ ಬಿದ್ದಿದ್ದ ಬಿಸಿಲು ನನಗೆ ಚೆನ್ನಾಗಿ ನೆನಪಿದೆ. ಇನ್ನು ಮುಂದಿನದನ್ನೂ ಇಷ್ಟೇ ಎಚ್ಚರದಿಂದ ಓದಬೇಕು.

ತಪ್ಪಿದ ಮನೆ

ನಾವು ಹೊರಟದ್ದು ದಾಲಾರ್ನಾ ಎಂಬ ಸೀಮೆಗೆ. ಬೇಸಿಗೆಯಲ್ಲಿ ಹಸುಗಳನ್ನು ಕಾಡಿನ ಮೇವಿಗೆ ಹೊಡೆದುಕೊಂಡು ಹೋಗಿ, ಶರತ್ಕಾಲದವರೆಗೆ ಅಲ್ಲೇ ಇದ್ದು, ಬೆಣ್ಣೆ ಚೀಸು ಮಾಡಿಕೊಂಡು ಇಳಿಯುವುದು ಅಲ್ಲಿಯ ಹೆಂಗಸರ ಹಳೆಯ ಪದ್ಧತಿ. ಅಂಥ ನೆಲೆಗೆ ಅವರ ಮಾತಿನಲ್ಲಿ ಫೇಬೂದ್ ಎಂದು ಹೆಸರು. ನಮ್ಮ ಕಡೆ ಅದನ್ನು ಹಟ್ಟಿ ಅನ್ನುತ್ತೇವೆ. ಈಗ ಅಂಥ ಹಟ್ಟಿಗಳು ಹೆಚ್ಚು ಉಳಿದಿಲ್ಲ.

ರೇಖಾ ಆಫೀಸಿನಲ್ಲಿ ನಕ್ಷೆ ಪ್ರಿಂಟು ಹಾಕಿಸಿಕೊಂಡಿದ್ದಳು. ಕೊನೆಯ ಹಾಳೆ ಪ್ರಿಂಟರಿನಲ್ಲೇ ಉಳಿದಿತ್ತು. ಹಾಗಾಗಿ ಮಧ್ಯಾಹ್ನ ನಾವು ಪೈನ್ ಮರಗಳ ನಡುವೆ ಕೆಂಪು ಬಣ್ಣದ ಒಂದು ಮರದ ಮನೆಯ ಮುಂದೆ ನಿಂತೆವು. ಒಬ್ಬ ಉದ್ದನೆಯ ಮನುಷ್ಯ ಬೇಲಿಗೆ ಬಣ್ಣ ಬಳಿಯುತ್ತಿದ್ದ. ರೇಖಾ ತನ್ನ ಹರಕು ಸ್ವೀಡಿಷಿನಲ್ಲಿ ನಾವು ಬಂದಿದ್ದೇವೆ ಎಂದಳು. ಅವನು ಕುಂಚ ಕೆಳಗಿಟ್ಟು, ಕೈ ಒರೆಸಿಕೊಂಡು, ಅಂಗಳದ ಮೇಜಿನ ಸುತ್ತ ನಮ್ಮನ್ನು ಕೂರಿಸಿ ಕಾಫಿ ತಂದ. ದಾಲ್ಚಿನ್ನಿ ಹಾಕಿದ ಬನ್ನು ತಂದ. ಅಕ್ಕ ಒಂದಾದಮೇಲೊಂದು ಪ್ರಶ್ನೆ ಕೇಳಿದಳು, ರೇಖಾ ಅನುವಾದ ಮಾಡಿದಳು. ಹಸುವಿಗೆ ಏನು ಹಾಕುತ್ತಾರೆ? ಹುಲ್ಲು. ಎಷ್ಟು ಹಾಲು ಕೊಡುತ್ತದೆ? ಒಳ್ಳೆಯ ಹಸುವಾದರೆ ತುಂಬಾ. ಚಳಿಗಾಲದಲ್ಲಿ ಎಲ್ಲಿ ಕಟ್ಟುತ್ತಾರೆ? ಕೊಟ್ಟಿಗೆಯಲ್ಲಿ. ಎಲ್ಲಕ್ಕೂ ಅವನು ಯೋಚಿಸಿ, ಪ್ರಾಮಾಣಿಕವಾಗಿ ಉತ್ತರ ಕೊಟ್ಟ. ಇಪ್ಪತ್ತು ನಿಮಿಷವಾದ ಮೇಲೆ ರೇಖಾ, “ಹಸುಗಳನ್ನು ಈಗ ನೋಡಬಹುದೇ?” ಎಂದಳು.

“ನನ್ನ ಹತ್ತಿರ ಹಸು ಇಲ್ಲ,” ಎಂದ ಅವನು. ತಾನು ಟ್ರೋಲ್‌ಹೆಟ್ಟನ್‌ನಲ್ಲಿ ವಿಮಾನದ ಎಂಜಿನ್ ಮಾಡುವ ಕಾರ್ಖಾನೆಯಿಂದ ನಿವೃತ್ತನಾದವನು, ಇದು ತನ್ನ ಬೇಸಿಗೆ ಮನೆ, ಹಸು ಸಾಕುವ ಬ್ರಿಟ್ಟಾ ಇರುವುದು ಇನ್ನೂ ಎಂಟು ಕಿಲೋಮೀಟರು ಮೇಲೆ.

“ಮತ್ತೆ ಮೊದಲೇ ಯಾಕೆ ಹೇಳಲಿಲ್ಲ ಕೇಳೇ!”

ರೇಖಾ ಕೇಳಿದಳು. ಅವನಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. ನೀವು ಅದನ್ನು ಕೇಳಿರಲಿಲ್ಲವಲ್ಲ, ಎಂದ.

ನಮ್ಮಲ್ಲಿ ದಾರಿ ಕೇಳಿದರೆ ಗೊತ್ತಿಲ್ಲದವನೂ ಹೇಳುತ್ತಾನೆ. ಇಲ್ಲಿ ಗೊತ್ತಿದ್ದವನೂ ಕೇಳುವವರೆಗೆ ಸುಮ್ಮನಿದ್ದು ಕಾಫಿ ಕೊಡುತ್ತಾನೆ. ಯಾವುದು ಮೇಲು ಎಂದು ಮುಂದಿನ ಎಂಟು ಕಿಲೋಮೀಟರು ಚರ್ಚೆ ನಡೆಯಿತು. ಬನ್ನಿನ ದೆಸೆಯಿಂದ ಸ್ವೀಡನ್ ಗೆದ್ದಿತು.

ಹಟ್ಟಿ

ಹುಲ್ಲು ಬೆಳೆದ ಮಾಡಿನ ಐದಾರು ಮರದ ಗುಡಿಸಲು, ಸುತ್ತ ಓರೆಯಾಗಿ ಹೆಣೆದ ಬೇಲಿ, ಪಕ್ಕದಲ್ಲಿ ಒಂದು ತೊರೆ. ಬ್ರಿಟ್ಟಾ ಎಪ್ಪತ್ತು ದಾಟಿದ ಗಟ್ಟಿ ಹೆಂಗಸು. ರಬ್ಬರ್ ಬೂಟು, ತಲೆಗೆ ಬಿಳಿ ವಸ್ತ್ರ. ರೇಖಾ, “ಹಲೋ ಬ್ರಿಟ್ಟಾ” ಅಂದದ್ದೇ ತಡ, ಅಕ್ಕ ಅವಳ ತೋಳು ಚಿವುಟಿದಳು.

“ಅಷ್ಟು ದೊಡ್ಡವರನ್ನ ಹೆಸರು ಹಿಡಿದು ಕರೀತೀಯಾ?”

“ಇಲ್ಲಿ ಎಲ್ಲರ್ನೂ ಹಾಗೇ ಕರೆಯೋದಮ್ಮಾ. ಕಂಪನಿ ಸಿಇಒನೂ.”

“ಅವನನ್ನ ಬೇಕಾದ್ರೆ ಕರಿ.” ಅಕ್ಕ ಮುಂದೆ ಹೋಗಿ ಕೈ ಮುಗಿದಳು. “ನಮಸ್ಕಾರ ಬ್ರಿಟ್ಟಮ್ಮ.”

ಆವತ್ತಿನಿಂದ ನಮಗೆಲ್ಲ ಅವರು ಬ್ರಿಟ್ಟಮ್ಮ.

ಒಳಗೆ ಬರಬಹುದೇ ಎಂದು ರೇಖಾ ಕೇಳಿದಾಗ ಬ್ರಿಟ್ಟಮ್ಮ ಏನೂ ಹೇಳದೆ ತುಟಿ ಚೂಪು ಮಾಡಿ, ಬಿಸಿ ಕಾಫಿ ಹೀರುವವರ ಹಾಗೆ ಸಣ್ಣಗೆ ಉಸಿರನ್ನು ಒಳಗೆಳೆದುಕೊಂಡರು. ನೀರು ತರಲೇ ಎಂದಾಗಲೂ ಅದೇ. ನಾಲ್ಕನೇ ಸಲ ಕೇಳಿದಾಗ ಅಕ್ಕನಿಗೆ ತಡೆಯಲಾಗಲಿಲ್ಲ.

“ಪಾಪ, ಉಬ್ಬಸ ಇರಬೇಕು. ಶುಂಠಿ ಕಷಾಯ ಮಾಡ್ಕೊಡ್ಲಾ ಕೇಳು.”

ರೇಖಾ ನಗು ತಡೆದುಕೊಂಡು ಹೇಳಿದಳು: “ಅದು ಉಬ್ಬಸ ಅಲ್ಲಮ್ಮಾ. ಈ ಕಡೆಯವರು ‘ಹೂಂ’ ಅನ್ನೋದೇ ಹಾಗೆ. ಉಸಿರು ಒಳಗೆ ಎಳ್ಕೊಂಡ್ರೆ ಹೌದು ಅಂತ.”

“ಒಪ್ಕೊಳ್ಳೋಕೆ ಬಾಯಿ ಬಿಡಬಾರದಾ ಇವರು!” ಎಂದಳು ಅಕ್ಕ. ಆದರೆ ಸಂಜೆ ತೊರೆಯ ಹತ್ತಿರ ಒಬ್ಬಳೇ ನಿಂತು ಅದನ್ನು ಅಭ್ಯಾಸ ಮಾಡುತ್ತಿದ್ದದ್ದನ್ನು ನಾನು ಕಂಡೆ.

ಹಾಲು ಕರೆಯುವ ಹೊತ್ತಿಗೆ ಬ್ರಿಟ್ಟಮ್ಮ ಬೇಲಿಯ ಬಳಿ ನಿಂತು ಕಾಡಿನ ಕಡೆಗೆ ದನಿಯೆತ್ತಿ ಹಸುಗಳನ್ನು ಕರೆದರು. ಆ ಕೂಗನ್ನು ವರ್ಣಿಸುವ ಸಾಹಸ ಮಾಡುವುದಿಲ್ಲ. ಪುಟ್ಟ ಟೇಪ್ ರೆಕಾರ್ಡರಿನಲ್ಲಿ ಹಿಡಿದಿದ್ದೆ. ಕೇಳಿದರೆ ಬರೀ ಗಾಳಿ. ನೆನಪಿನಲ್ಲಂತೂ ಪ್ರತಿ ವರ್ಷ ಅದು ಇನ್ನೊಂದು ಸ್ವರ ಮೇಲೇರುತ್ತಿದೆ. ಹಸುಗಳು ಬಂದದ್ದು ಮಾತ್ರ ಖಂಡಿತ. ಗಂಟೆ ಅಲ್ಲಾಡಿಸುತ್ತ ಎಂಟು ಹಸು, ಬಿಳಿಯ ಮೈ, ಕಪ್ಪು ಕಿವಿ, ಹುಟ್ಟಿನಿಂದಲೇ ಕೊಂಬಿಲ್ಲದ ತಳಿ. ಅಕ್ಕ ಸೀದಾ ಮೊದಲನೆಯದರ ಹಿಂದೆ ಹೋಗಿ ಬೆನ್ನ ತುದಿ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಬ್ರಿಟ್ಟಮ್ಮ ಗಾಬರಿಯಿಂದ ಬಂದು ಅದೇ ಜಾಗವನ್ನು ಬಗ್ಗಿ ಪರೀಕ್ಷಿಸಿದರು. ಉಣ್ಣೆಹುಳ ಗಿಳ ಕಂಡಿತೇ ಎಂದು ರೇಖಾಳನ್ನು ಕೇಳಿದರು.

“ಏನಂತ ಹೇಳ್ಲಿ ಮಾಮ?”

“ಪರಿಚಯ ಮಾಡ್ಕೊಂಡಳು ಅನ್ನು.”

ಬ್ರಿಟ್ಟಮ್ಮ ಅದನ್ನು ಕೇಳಿ ಗಂಭೀರವಾಗಿ ಉಳಿದ ಏಳು ಹಸುಗಳ ಹೆಸರನ್ನೂ ಹೇಳಿದರು. ಅಕ್ಕ ಏಳನ್ನೂ ಮುಟ್ಟಿಬಂದಳು.

ಊಟಕ್ಕೆ ಅವರು ಅಗಲವಾದ ಒಂದು ಮರಿಗೆಯಿಂದ, ಅಂದರೆ ಮರದ ಪಾತ್ರೆಯಿಂದ, ಎಂಥದೋ ಬಿಳಿ ಮೊಸರು ಎತ್ತಿ ಬಟ್ಟಲಿಗೆ ಹಾಕಿದರು. ಹಾಕಿದರು ಎಂದೆ, ಆದರೆ ಅದು ಬಟ್ಟಲಿಗೆ ಬಿದ್ದ ಮೇಲೂ ಸೌಟನ್ನು ಬಿಡಲಿಲ್ಲ. ಮರಿಗೆಯಿಂದ ಬಟ್ಟಲಿನವರೆಗೆ ಮೊಳದುದ್ದದ ಬಿಳಿ ನೂಲು ತೂಗಾಡಿತು. ಅದರ ಹೆಸರೇ ಉದ್ದಹಾಲು.

“ಲೋಳೆ ಬಂದಿದೆ ಕಣೋ ಪುಟ್ಟಾ,” ಎಂದಳು ಅಕ್ಕ ನನ್ನ ಕಿವಿಯಲ್ಲಿ. ಐವತ್ತೆರಡು ವರ್ಷದ ನಾನು ಅವಳಿಗೆ ಪುಟ್ಟನೇ. “ಕೆಟ್ಟಿದೆ. ನಮ್ಮನೇಲಿ ಹೀಗಾದ್ರೆ ತೆಂಗಿನ ಬುಡಕ್ಕೆ ಸುರೀತೀನಿ. ಹೇಗೆ ಹೇಳೋದು ಇವರಿಗೆ?”

ಹೇಳಲಿಲ್ಲ. ಮರ್ಯಾದೆಗೆ ಒಂದು ಚಮಚ ಬಾಯಿಗಿಟ್ಟಳು. ಆಮೇಲೆ ಚೀಲದಿಂದ ಬೆಳಗಿನ ಅನ್ನದ ಡಬ್ಬಿ ತೆಗೆದಳು. ಮಾವಿನ ಉಪ್ಪಿನಕಾಯಿ ತೆಗೆದಳು. ಉದ್ದಹಾಲು ಅನ್ನವನ್ನು ಕಲಸಿಕೊಂಡು ಎರಡನೇ ಸಲ ಬಟ್ಟಲು ಚಾಚಿದಾಗ ಬ್ರಿಟ್ಟಮ್ಮನ ಮುಖ ಅರಳಿತು. ಅಕ್ಕನ ಬೆರಳುಗಳಿಂದ ಬಾಯಿಗೆ ಬಿಳಿ ದಾರಗಳು ಹೋಗುತ್ತಿದ್ದವು. ಅವಳು ಬೆರಳು ಸುತ್ತಿ ಸುತ್ತಿ ಅವನ್ನು ಕತ್ತರಿಸುತ್ತಿದ್ದಳು.

ಕಡಾಯಿ

ಮರುದಿನ ಬೆಳಗ್ಗೆ ಅಕ್ಕ ಮೊದಲು ತಿಂದದ್ದು ಉದ್ದಹಾಲನ್ನೇ, ಮತ್ತೆ ಎರಡು ಬಟ್ಟಲು. ಬ್ರಿಟ್ಟಮ್ಮ ಉಳಿದದ್ದರಲ್ಲಿ ಒಂದು ಸೌಟು ತೆಗೆದು ಒಲೆಯ ಮೇಲಿನ ಕಡಾಯಿಗೆ ಹಾಕಿದರು. ಕಡಾಯಿಯಲ್ಲಿ ನಿನ್ನೆ ಸಂಜೆಯ ಹಾಲೂ ಇವತ್ತು ಬೆಳಗಿನ ಹಾಲೂ ಸೇರಿ ಹದವಾಗಿ ಬೆಚ್ಚಗಾಗುತ್ತಿತ್ತು. ಬೆಂಕಿ ಎಷ್ಟಿರಬೇಕು ಎನ್ನುವುದಕ್ಕೆ ಬ್ರಿಟ್ಟಮ್ಮನ ಮೊಣಕೈಯೇ ಅಳತೆ. ಅಕ್ಕನೂ ಸೆರಗು ಸಿಕ್ಕಿಸಿಕೊಂಡು ಪಕ್ಕದಲ್ಲೇ ನಿಂತಿದ್ದಳು. ಇಬ್ಬರಿಗೂ ಭಾಷೆ ಬೇಕಾಗಿರಲಿಲ್ಲ. ಒಬ್ಬರು ಕಟ್ಟಿಗೆ ಹಿಂದಕ್ಕೆಳೆದರೆ ಇನ್ನೊಬ್ಬರು ತಲೆಯಾಡಿಸುತ್ತಿದ್ದರು.

ಆಮೇಲೆ ಬ್ರಿಟ್ಟಮ್ಮ ಕಂದು ಬಣ್ಣದ ಒಂದು ಶೀಶೆ ತೆಗೆದು ಕೆಲವು ಹನಿ ಹಾಕಿದರು.

“ಅದೇನೇ?”

“ಹಾಲು ಒಡೆಯೋಕೆ ಹಾಕೋದಮ್ಮಾ. ಒಂಥರಾ ಎಂಜೈಮ್.”

“ಯಾವುದರದ್ದು?”

ರೇಖಾ ನನ್ನ ಮುಖ ನೋಡಿದಳು. ನಾನು ಕಿಟಕಿ ನೋಡಿದೆ.

“ಕರುವಿನ ಹೊಟ್ಟೇದು,” ಎಂದಳು ರೇಖಾ.

ಅಕ್ಕ ಸೆರಗು ಬಿಡಿಸಿಕೊಂಡು, ಸ್ವಲ್ಪ ಗಾಳಿಗೆ ಹೋಗಿ ಬರುತ್ತೇನೆ ಎಂದು ತೊರೆಯ ಕಡೆ ನಡೆದಳು. ಕೋಪವಿರಲಿಲ್ಲ. ಚೀಸ್ ನೋಡಲು ಬಂದವಳಿಗೆ ಚೀಸು ತನ್ನದಲ್ಲ ಎಂದು ಗೊತ್ತಾಗಿತ್ತು, ಅಷ್ಟೆ. ಹೋಗುವಾಗ ಅವಳ ಕಣ್ಣು ಒಂದು ಕಡೆ ನಿಂತದ್ದನ್ನು ಮಾತ್ರ ನಾನು ಗಮನಿಸಬೇಕಿತ್ತು. ಕಡಾಯಿ ಕದಡಿದ ಸೌಟನ್ನು ಬ್ರಿಟ್ಟಮ್ಮ ಉದ್ದಹಾಲಿನ ಮರಿಗೆಯ ಮೇಲೆ ಅಡ್ಡ ಇಟ್ಟಿದ್ದರು.

ಅವಳು ಹೊರಗಿದ್ದಾಗ ಒಳಗೆ ನಡೆದದ್ದು ಇಷ್ಟು. ಹಾಲು ಗಟ್ಟಿಯಾಯಿತು. ಕವಲೊಡೆದ ಪೈನ್ ಕಡ್ಡಿಯಿಂದ ಬ್ರಿಟ್ಟಮ್ಮ ಅದನ್ನು ಕಡೆದು ಚೂರು ಮಾಡಿದರು. ಚೂರುಗಳನ್ನು ಕೈಯಲ್ಲಿ ಹಿಂಡಿ ಮರದ ಅಚ್ಚಿಗೆ ತುಂಬಿದರು. ನನ್ನ ಬಾಯಿಗೂ ಒಂದು ಚೂರು ಹಾಕಿದರು. ಹಲ್ಲಿಗೆ ಸಿಕ್ಕಾಗ ಕಿರ್ರೆಂದಿತು, ಆಮೇಲೆ ಗಿಣ್ಣಿನ ಹಾಗೆ ಕರಗಿತು. ಉಳಿದ ತಿಳಿನೀರನ್ನು ಒಲೆಯ ಮೇಲೇ ಬಿಟ್ಟರು. ಅದು ಸಂಜೆಯವರೆಗೆ ಕುದಿದು, ಆಲೆಮನೆಯ ಕೊಪ್ಪರಿಗೆಯಲ್ಲಿ ಬೆಲ್ಲದ ಪಾಕ ಬರುವಂತೆ ಕಂದಾಗಿ, ಸಿಹಿಯಾಗಿ, ಇನ್ನೊಂದು ಬಗೆಯ ಚೀಸಾಗುತ್ತದಂತೆ.

ಕಾಫಿ ಕುಡಿಯುತ್ತ ರೇಖಾ ಆ ಮರಿಗೆಯ ಬಗ್ಗೆ ಕೇಳಿದಳು. ಬ್ರಿಟ್ಟಮ್ಮ ಮೊದಲ ಸಲ ಉದ್ದವಾಗಿ ಮಾತಾಡಿದರು. ಅದು ಅವರ ಅಜ್ಜಿಯದು. ಒಳಗಿನ ಹೆಪ್ಪೂ ಅಜ್ಜಿಯದೇ. ಪ್ರತಿ ಸಲ ತಳದಲ್ಲಿ ಸ್ವಲ್ಪ ಉಳಿಸಿ ಹೊಸ ಹಾಲು ಹಾಕುತ್ತಾರೆ. ಸೋಪು, ಬಿಸಿನೀರು ಸೋಕಿಸುವುದಿಲ್ಲ. ಹೆಪ್ಪು ಮರದೊಳಗೇ ಇದೆ. ಮೊದಲು ಊರಿನ ಎಲ್ಲ ಮನೆಯಲ್ಲೂ ಅದೇ ಇತ್ತು, ಈಗ ಎಲ್ಲರೂ ಅಂಗಡಿಯ ಪ್ಯಾಕೆಟು ತರುತ್ತಾರೆ. ತಂಗಿಯ ಮನೆಯಲ್ಲಿದ್ದದ್ದು ಹೋದ ಚಳಿಗಾಲ ಸತ್ತುಹೋಯಿತು. ಇನ್ನು ಇರುವುದು ಇದೊಂದೇ. ಇದಿಲ್ಲದೆ ತನಗೆ ಚೀಸು ಮಾಡಲೂ ಬರುವುದಿಲ್ಲ.

ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: “ಮರಿಗೆ ತೊಳೆಯುವುದಿಲ್ಲ.” ಕೆಳಗೆ ಎರಡು ಗೆರೆ ಎಳೆದೆ. ಆ ಹಾಳೆ ಇವತ್ತಿಗೂ ಇದೆ.

“ಅಮ್ಮಂಗೆ ಹೇಳ್ಬೇಕು, ಖುಷಿ ಪಡ್ತಾಳೆ,” ಎಂದಳು ರೇಖಾ.

ಹೇಳೋಣ ಎಂದೆ. ಅಷ್ಟರಲ್ಲಿ ಬ್ರಿಟ್ಟಮ್ಮ, ಒಂದು ಹಸು ಗುಂಪು ತಪ್ಪಿಸಿಕೊಂಡಿದೆ, ಹುಡುಕಲು ಬರುತ್ತೀರಾ ಎಂದರು. ಅಕ್ಕ ಮಂಡಿನೋವು ಎಂದು ಹಟ್ಟಿಯಲ್ಲೇ ಉಳಿದಳು.

ಬೇಲಿಯ ಮೇಲೆ

ಮೂರು ಗಂಟೆ ಅಲೆದು ಹಸುವಿನೊಂದಿಗೆ ಬಂದಾಗ ಹಟ್ಟಿ ಹೊಳೆಯುತ್ತಿತ್ತು. ಉತ್ಪ್ರೇಕ್ಷೆ ಅಲ್ಲ, ಇದರ ಫೋಟೋ ಇದೆ. ಬೇಲಿಯ ಒಂದೊಂದು ಗೂಟದ ಮೇಲೂ ಒಂದೊಂದು ಪಾತ್ರೆ ಬೋರಲು. ಹಾಲಿನ ಬಕೆಟ್ಟು, ತಟ್ಟೆ, ಮುಚ್ಚಳ, ಸೌಟು. ನಡುವೆ, ಎಲ್ಲಕ್ಕಿಂತ ಬೆಳ್ಳಗೆ, ಆಗತಾನೇ ಕಡಿದ ಮರದ ಹಾಗೆ, ಅಜ್ಜಿಯ ಮರಿಗೆ. ಅಂಗಳದಲ್ಲಿ ಅಕ್ಕ ತೆಂಗಿನ ನಾರು ಹಿಂಡುತ್ತ ನಿಂತಿದ್ದಳು.

“ನೋಡೇ ರೇಖಾ, ಪಾಪ ಒಬ್ಬರೇ ಎಷ್ಟು ಮಾಡ್ತಾರೆ. ಉಂಡ ಮನೇಲಿ ಇಷ್ಟಾದ್ರೂ ಮಾಡಬೇಡ್ವಾ? ಆ ಮರದ್ದರ ತಳ ಎಷ್ಟು ವರ್ಷದ್ದೋ, ಬಿಡಲೇ ಇಲ್ಲ. ಕುದಿಯೋ ನೀರು ಎರಡು ಸಲ ಹಾಕ್ದೆ. ಸೋಪು ಹಾಕ್ದೆ. ಆ ಶೀಶೆ ಮುಟ್ಟಿದ ಸೌಟು ಅದರ ಮೇಲೇ ಇಟ್ಟಿದ್ರಲ್ಲ, ಅದಕ್ಕೇ ಒಂದು ಸಲ ಜಾಸ್ತಿ.”

ಬ್ರಿಟ್ಟಮ್ಮ ಹಸುವನ್ನು ಬಿಟ್ಟು, ಬೇಲಿಯ ಬಳಿ ಹೋಗಿ, ಮರಿಗೆಯನ್ನು ಎರಡೂ ಕೈಯಲ್ಲಿ ಇಳಿಸಿಕೊಂಡರು. ಮೂಗಿನ ಹತ್ತಿರ ತಂದರು. ಮತ್ತೆ ತಂದರು. ಮೆಟ್ಟಿಲ ಮೇಲೆ ಕೂತು ಅದನ್ನು ಮಡಿಲಲ್ಲಿಟ್ಟುಕೊಂಡರು. ಬೈದಿದ್ದರೆ ಚೆನ್ನಾಗಿತ್ತು. ಅವರು ಅಕ್ಕನ ಕಡೆಗೆ ನೋಡಿ ಒಂದು ಶಬ್ದ ಅಂದರು, ಅದು ನನಗೂ ಗೊತ್ತಿದ್ದ ಶಬ್ದ: ಥ್ಯಾಂಕ್ಸ್.

“ಏನಾಯ್ತು?” ಎಂದಳು ಅಕ್ಕ. ನಗು ಇನ್ನೂ ಮುಖದಲ್ಲೇ ಇತ್ತು. “ಏನಾಯ್ತೇ?”

ರೇಖಾ ಹೇಳಿದಳು. ಬೆಳಗ್ಗೆ ಕೇಳಿದ್ದನ್ನೆಲ್ಲ, ಅಜ್ಜಿ, ತಂಗಿ, ಉಳಿದಿದ್ದ ಒಂದೇ ಒಂದು ಹೆಪ್ಪು. ಅಕ್ಕನ ಕೈಯಿಂದ ನಾರು ಬಿತ್ತು.

“ನಿಮಗೆ ಗೊತ್ತಿತ್ತಾ? ಬೆಳಗ್ಗೇನೇ ಗೊತ್ತಿತ್ತಾ?” ಎಂದು ನಮ್ಮಿಬ್ಬರನ್ನೂ ಕೇಳಿದಳು. ನನ್ನ ಜೇಬಿನಲ್ಲಿ ಎರಡು ಗೆರೆ ಎಳೆದ ಹಾಳೆ ಇತ್ತು. ನಾನು ಹೂಂ ಎಂದೂ ಅನ್ನಲಿಲ್ಲ, ಉಸಿರನ್ನೂ ಎಳೆದುಕೊಳ್ಳಲಿಲ್ಲ.

ರೇಖಾ ದಾರಿ ಹುಡುಕುತ್ತ ಒಂದೊಂದೇ ಕೇಳಿದಳು. ಬ್ರಿಟ್ಟಮ್ಮನ ಊರಿನ ಮನೆಯ ಫ್ರಿಜ್ಜಿನಲ್ಲಿ? ಜೂನಿನಲ್ಲಿ ಖಾಲಿ ಮಾಡಿ ಆರಿಸಿ ಬಂದದ್ದು. ಬೆಳಗ್ಗೆ ಕಡಾಯಿಗೆ ಹಾಕಿದ್ದು? ಚೀಸಿಗೆ ಉಪ್ಪು ಬಿದ್ದಾಗಿದೆ, ಅದರಿಂದ ಹಿಂತಿರುಗಿ ಬರುವುದಿಲ್ಲ. ಬಟ್ಟಲಿನಲ್ಲಿ ಉಳಿದದ್ದು? ಬಟ್ಟಲಿನಲ್ಲಿದ್ದದ್ದನ್ನು ಅಕ್ಕ ತಿಂದಿದ್ದಳು, ಬಟ್ಟಲನ್ನೂ ತೊಳೆದಿದ್ದಳು.

ಕರವಸ್ತ್ರ

ಈ ಭಾಗದಲ್ಲಿ ಮೂವರ ನೆನಪೂ ಬೇರೆ ಬೇರೆ. ತಾನು ತಕ್ಷಣ ಒಳಗೆ ಹೋದೆ ಎಂದು ಅಕ್ಕ ಹೇಳುತ್ತಾಳೆ. ಅರ್ಧ ಗಂಟೆ ಗೋಡೆಗೆ ಮುಖಮಾಡಿ ಕೂತಿದ್ದಳು ಎಂದು ರೇಖಾ. ನನ್ನ ನೋಟ್‌ಬುಕ್ಕಿನಲ್ಲಿ ಆ ಜಾಗದಲ್ಲಿ ಏನೂ ಇಲ್ಲ. ಒಂದು ವಿಷಯದಲ್ಲಿ ಮೂವರೂ ಒಂದೇ. ಅಕ್ಕ ತನ್ನ ಚೀಲ ತೆಗೆದು, ಸೀರೆಯ ಮಡಿಕೆಯೊಳಗಿಂದ ಒಂದು ಕರವಸ್ತ್ರ ತಂದು, ಬ್ರಿಟ್ಟಮ್ಮನ ಮುಂದೆ ನಿಂತಳು. ಚೌಕಳಿಯದು. ಹಪ್ಪಳದ ಹಾಗೆ ಗರಿಗರಿ.

“ನಿನ್ನೆ ಊಟ ಆದ ಮೇಲೆ ನೀವು ಹೊರಗೆ ಹೋದಾಗ ಅದ್ದಿಟ್ಟೆ,” ಎಂದಳು. “ಊರಿಗೆ ತಗೊಂಡ್ ಹೋಗೋಣ ಅಂತ. ಕೇಳೋಕೆ ನಾಚಿಕೆ ಆಯ್ತು. ಹೇಳೇ ರೇಖಾ. ಕದ್ದೆ ಅಂತ ಹೇಳು.”

“ಅಮ್ಮಾ, ತಗೊಂಡೆ ಅಂತ ಹೇಳ್ತೀನಿ.”

“ಕದ್ದೆ ಅಂತ ಹೇಳು ಅಂದ್ರೆ!”

ಸ್ವೀಡಿಷಿನಲ್ಲಿ ಕದಿಯುವುದಕ್ಕೆ ಏನನ್ನುತ್ತಾರೆ ಎಂದು ರೇಖಾಗೆ ಹೊಳೆಯಲಿಲ್ಲ. ಅವಳು ಕಲಿತ ತರಗತಿಯಲ್ಲಿ ಆ ಪಾಠ ಬಂದಿರಲಿಲ್ಲ. ಕೊನೆಗೆ ಕೈಸನ್ನೆ ಮಾಡಿ ತೋರಿಸಿದಳು: ಅತ್ತ ಇತ್ತ ನೋಡುವುದು, ಅದ್ದುವುದು, ಮಡಿಸಿ ಒಳಗಿಡುವುದು.

ಬ್ರಿಟ್ಟಮ್ಮ ಬಟ್ಟೆಯನ್ನು ತೆಗೆದುಕೊಂಡು ಮೂಸಿದರು. ಅವರ ಭುಜ ಅಲುಗಿತು. ಅಳುತ್ತಿದ್ದಾರೆ ಅಂದುಕೊಂಡೆವು. ಅವರು ನಗುತ್ತಿದ್ದರು, ತಲೆಗೆ ಕಟ್ಟಿದ ವಸ್ತ್ರ ಜಾರುವಷ್ಟು. ಅವರ ಅಜ್ಜಿಯೂ ಹೀಗೇ ಮಾಡುತ್ತಿದ್ದಳಂತೆ, ಅಗಸೆನಾರಿನ ಬಟ್ಟೆಯಲ್ಲಿ, ಪ್ರತಿ ಶರತ್ಕಾಲ, ಚಳಿಗಾಲದಲ್ಲಿ ಹೆಪ್ಪು ಸಾಯದಿರಲಿ ಎಂದು. ಫ್ರಿಜ್ಜು ಬಂದ ಮೇಲೆ ತಾನು ಬಿಟ್ಟುಬಿಟ್ಟೆ ಎಂದರು. ನಿನಗೆ ಇದನ್ನು ಯಾರು ಕಲಿಸಿದರು ಎಂದು ಕೇಳಿದರು.

“ನಮ್ಮತ್ತೆ,” ಎಂದಳು ಅಕ್ಕ, ಕಣ್ಣೊರೆಸಿಕೊಳ್ಳುತ್ತ. “ಅವರೂ ನಿಮ್ಹಾಗೇ, ಬೈಯೋದು ಬಿಟ್ಟು ಥ್ಯಾಂಕ್ಸ್ ಅನ್ನೋರು.”

ಆಗ ರೇಖಾ ಬಟ್ಟೆಯನ್ನು ಬೆಳಕಿಗೆ ಹಿಡಿದು ಕೇಳಿದಳು: “ಅಮ್ಮಾ, ತಿಪಟೂರಿಂದ ಹೆಪ್ಪು ತಂದಿದ್ದು ಇದೇ ಕರ್ಚೀಫಲ್ಲಿ ತಾನೇ?”

“ಹೂಂ.”

“ಆಮೇಲೆ ತೊಳೆದಿದ್ಯಾ?”

ಹಟ್ಟಿಯ ಅಷ್ಟೂ ಪಾತ್ರೆ ಬೆಳಗಿದವಳು ಬೇಲಿಯ ಮೇಲಿನ ಸಾಲನ್ನು ನೋಡಿದಳು.

“ತೊಳೆದಿದ್ದೆ... ಅನ್ಸತ್ತೆ. ತಣ್ಣೀರಲ್ಲಿ.”

ಎರಡು ಬಟ್ಟಲು

ಬಟ್ಟೆಯನ್ನು ನೆನೆಸುವುದು ಸರಿ, ಯಾವ ಹದದ ಹಾಲಿನಲ್ಲಿ? ಉಗುರುಬೆಚ್ಚಗಿರಬೇಕು, ಸುತ್ತ ಶಾಲು ಹೊದಿಸಿ ಒಲೆ ಪಕ್ಕ ಇಡಬೇಕು ಎಂದಳು ಅಕ್ಕ. ತಣ್ಣಗಿರಬೇಕು, ತೊರೆಯ ಪಕ್ಕದ ಹಾಲುಮನೆಯಲ್ಲಿಡಬೇಕು, ಬೆಚ್ಚಗಾದರೆ ನೂಲು ಬರುವುದಿಲ್ಲ ಎಂದರು ಬ್ರಿಟ್ಟಮ್ಮ. ಒಬ್ಬಳು ತಪ್ಪು ಮಾಡಿ ಹೆದರಿದವಳು, ಇನ್ನೊಬ್ಬರು ಕಳೆದುಕೊಂಡವರು. ಆದರೂ ಹೆಪ್ಪಿನ ವಿಷಯದಲ್ಲಿ ಇಬ್ಬರೂ ಒಂದಂಗುಲ ಬಿಡಲಿಲ್ಲ. ಕೊನೆಗೆ ಬ್ರಿಟ್ಟಮ್ಮ ಕತ್ತರಿ ತಂದರು. ಕರವಸ್ತ್ರ ಎರಡಾಯಿತು. ಅರ್ಧ ಶಾಲಿನೊಳಗೆ, ಅರ್ಧ ಹಾಲುಮನೆಗೆ.

ಮಾರನೆಯ ಬೆಳಗ್ಗೆ ಅಕ್ಕನ ಬಟ್ಟಲು ಗಟ್ಟಿಯಾಗಿತ್ತು. ಎಲ್ಲರೂ ಸುತ್ತ ನಿಂತೆವು. ಬ್ರಿಟ್ಟಮ್ಮ ಚಮಚ ಎತ್ತಿದರು. ಚಮಚಕ್ಕೆ ಬಂದದ್ದು ಬಿಳಿಯ ಒಂದು ಗಟ್ಟಿ ಹೋಳು, ಅಂಚು ಚಾಕುವಿನಲ್ಲಿ ಕೊಯ್ದ ಹಾಗೆ. ನೂಲಿಲ್ಲ. ರುಚಿ ನೋಡುವ ಮೊದಲೇ ನನಗೆ ಗೊತ್ತಾಯಿತು: ಇದು ತಿಪಟೂರು. ತೊಳೆದಿದ್ದೆ ಅನ್ನಿಸುವುದಕ್ಕೂ ತೊಳೆಯುವುದಕ್ಕೂ ಇರುವ ವ್ಯತ್ಯಾಸವನ್ನು ಇಷ್ಟು ರುಚಿಯಾಗಿ ನಾನು ಯಾವತ್ತೂ ಉಂಡಿಲ್ಲ. ಹಾಲುಮನೆಯ ಬಟ್ಟಲಿನಲ್ಲಿ ಇದ್ದದ್ದು ಹಾಲು, ಅಷ್ಟೇ.

“ನಮ್ಮದು ಅವರದ್ದನ್ನ ತಿಂದ್ಹಾಕಿದೆ,” ಎಂದಳು ಅಕ್ಕ. ಆ ದಿನ ಅವಳು ಊಟ ಮಾಡಲಿಲ್ಲ. ತನ್ನ ಮೊಸರನ್ನು ಅವಳು ಬೇಡ ಅಂದದ್ದು ಅದೊಂದೇ ದಿನ.

ಅವತ್ತು ಹೊರಡಬೇಕಿತ್ತು. ರೇಖಾ ಮೊಬೈಲ್ ಹಿಡಿದು ಸಿಗ್ನಲ್ ಸಿಗುವ ಗುಡ್ಡದವರೆಗೆ ನಡೆದುಹೋಗಿ, ಆಫೀಸಿನಲ್ಲಿ ರಜೆ ಹೋಗದೆ ಉಳಿದಿದ್ದ ಒಬ್ಬನಿಗೆ ಫೋನ್ ಮಾಡಿದಳು. ಹಾಲು ಇನ್ನೂ ಹೆಪ್ಪಾಗಿಲ್ಲ, ಇನ್ನೊಂದು ದಿನ ಬೇಕು ಎಂದಳು. ಸರಿ, ಎಂದನಂತೆ ಅವನು. ಕಾರಣ ಕೇಳಲಿಲ್ಲವಂತೆ. ಬೆಂಗಳೂರಿನ ಯಾವ ಮ್ಯಾನೇಜರನಿಗೆ ಈ ಮಾತು ಹೇಳಿ ಬದುಕಬಹುದು!

ಅಕ್ಕ ಬ್ರಿಟ್ಟಮ್ಮನ ಜೊತೆ ಹಾಲು ಕರೆದಳು. ಕೊಟ್ಟಿಗೆ ಗುಡಿಸಿದಳು. ಒಂದೇ ಒಂದು ಪಾತ್ರೆಯನ್ನೂ ತೊಳೆಯಲಿಲ್ಲ. ತೆಂಗಿನ ನಾರನ್ನು ಬ್ರಿಟ್ಟಮ್ಮ ಎತ್ತಿ ನೋಡಿ, ಇದು ಯಾವ ಪ್ರಾಣಿಯ ಕೂದಲು ಎಂದರು. ಮರದ ಕಾಯಿಯದು ಎಂದು ತಿಳಿದಾಗ ನಂಬಲಿಲ್ಲ. ಆದರೆ ಕಡಾಯಿಯ ತಳ ಅದರಿಂದ ಉಜ್ಜಿ ನೋಡಿ, ಜೇಬಿಗೆ ಹಾಕಿಕೊಂಡರು.

ಎರಡನೆಯ ಬೆಳಗ್ಗೆ ಬ್ರಿಟ್ಟಮ್ಮ ಹಾಲುಮನೆಯಿಂದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ತಂದರು. ಹೊಸ ಬಿಸಿಲಿತ್ತು. ನೋಟ್‌ಬುಕ್ಕು ಮಳೆ ಎನ್ನುತ್ತದೆ. ನೀವು ಆಗ ಇನ್ನೂ ಮಲಗಿದ್ದಿರಿ ಮಾಮ, ನಾವು ಆಮೇಲೆ ಹೇಳಿದ್ದು ಎಂದು ರೇಖಾ ಇವತ್ತಿಗೂ ಸಾಧಿಸುತ್ತಾಳೆ. ಇರಬಹುದು. ಮಳೆಯನ್ನೂ ನಿದ್ದೆಯನ್ನೂ ಬಿಟ್ಟುಕೊಡುತ್ತೇನೆ, ಆದರೆ ಚಮಚವನ್ನು ಬಿಡುವುದಿಲ್ಲ. ಚಮಚ ಮೇಲೆದ್ದಿತು. ಅದರ ಹಿಂದೆ, ಹೋಗಲೋ ಬೇಡವೋ ಎನ್ನುವಂತೆ, ಕೂದಲಷ್ಟು ತೆಳುವಾದ ಒಂದು ಬಿಳಿ ನೂಲು ಎದ್ದಿತು. ಗೇಣುದ್ದ ಬಂತು. ಮೊಳದುದ್ದ ಬಂತು. ಕಡಿಯಲಿಲ್ಲ.

ಅಕ್ಕ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.

ಬ್ರಿಟ್ಟಮ್ಮ ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದರು. ಆಮೇಲೆ ಮೆಲ್ಲಗೆ ಎರಡು ಮಾತು ಹೇಳಿದರು.

“ಏನಂತೆ? ಏನಂತೇ ರೇಖಾ?”

“ಅಜ್ಜೀದೇ ಅಂತೆ ಅಮ್ಮಾ,” ಎಂದಳು ರೇಖಾ. “ಆದ್ರೆ ಜೊತೇಲಿ ಇನ್ಯಾರೋ ಬಂದಿದಾರೆ, ಸ್ವಲ್ಪ ಹುಳಿ ಸ್ವಭಾವದೋರು, ಅಂತಿದಾರೆ.”

ಅಕ್ಕ ಬಟ್ಟಲನ್ನೂ ಬ್ರಿಟ್ಟಮ್ಮನ ಮುಖವನ್ನೂ ಒಂದಾದಮೇಲೊಂದು ನೋಡಿದಳು.

“ಅವರೂ ಇಲ್ಲೇ ಇರಬಹುದಾ ಅಂತ ಕೇಳು,” ಎಂದಳು.

ರೇಖಾ ಕೇಳಿದಳು. ಬ್ರಿಟ್ಟಮ್ಮ ಅಜ್ಜಿಯ ಮರಿಗೆಯನ್ನು ಹತ್ತಿರಕ್ಕೆಳೆದು, ಬಟ್ಟಲಿನಲ್ಲಿದ್ದದ್ದನ್ನೆಲ್ಲ ಅದಕ್ಕೆ ಸುರಿದು, ತುಟಿ ಚೂಪು ಮಾಡಿ, ಸಣ್ಣಗೆ ಉಸಿರನ್ನು ಒಳಗೆಳೆದುಕೊಂಡರು.

ಅನುವಾದಕ್ಕೆಂದು ರೇಖಾ ಬಾಯಿ ತೆರೆಯುವ ಮೊದಲೇ ಅಕ್ಕನೂ ಎಳೆದುಕೊಂಡಳು.